ಸುಣ್ಣಕೊಡ್ಲಿನ ಬಾವಿಗಳು

ಜನವರಿ ೧೧, ಶನಿವಾರ

ಇವತ್ತು ಅರವತ್ತು ಜನ ನನ್ನ ಪೆಟ್ರೋಲ್ ಪಂಪಿನ ಎದುರು ನಿಂತು ನನ್ನನ್ನು ಕೊಲೆಗಡುಕಿ ಅಂದರು. ಅವರಲ್ಲಿ ಅರ್ಧ ಜನರ ಬೈಕು ಓಡುವುದು ನನ್ನ ಪಂಪಿನ ಪೆಟ್ರೋಲಿನಿಂದಲೇ. ಒಬ್ಬ ಕಲ್ಲು ಒಗೆದ. ಕಚೇರಿಯ ಕಿಟಕಿ ಗಾಜು ಹೋಯಿತು. ಚೂರುಗಳನ್ನು ನಾನೇ ಗುಡಿಸಿದೆ. ಹೆದರಿಕೆಯಲ್ಲ, ಸಿಟ್ಟು.

ಈ ಡೈರಿ ಎಣ್ಣೆ ಕಂಪನಿಯವರು ಕೊಟ್ಟದ್ದು. ಪ್ರತಿವರ್ಷ ಬರುತ್ತದೆ, ಯಾರಿಗಾದರೂ ಕೊಟ್ಟುಬಿಡುತ್ತೇನೆ. ಈ ಸಲ ಇಟ್ಟುಕೊಂಡೆ. ಎದುರಿಗೆ ಸಿಕ್ಕವರಿಗೆಲ್ಲ ಬೈದು ಗಂಟಲು ಹೋಗಿದೆ. ಉಳಿದದ್ದನ್ನು ಇಲ್ಲಿ ಬೈಯುತ್ತೇನೆ.

ಆದದ್ದು ಇಷ್ಟು. ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ರಾಮನಗುಳಿಗೆ ಸ್ವಲ್ಪ ಈಚೆ ನಮ್ಮ ಪಂಪು. ಅದರ ಕೆಳಗೆ ಅರ್ಧ ಮೈಲು ಇಳಿದರೆ ಸುಣ್ಣಕೊಡ್ಲು ಎಂಬ ಕೇರಿ. ಮೂವತ್ತೊಂದು ಮನೆ, ಒಂಬತ್ತು ಬಾವಿ. ಹದಿನೈದು ದಿನದಿಂದ ಬಾವಿಯ ನೀರು ನಾರುತ್ತದೆ ಎಂದು ಗುಸುಗುಸು ಇತ್ತು. ನಿನ್ನೆ ಬೆಳಿಗ್ಗೆ ಗಂಗೂ ಎಂಬ ಮುದುಕಿ ಬಾವಿಯಿಂದ ತಂದ ಕೊಡವನ್ನು ಬಚ್ಚಲ ಹಂಡೆಗೆ ಸುರಿಯುವಾಗ ನೀರು ಒಲೆಯ ಮೇಲೆ ತುಳುಕಿ ಭಗ್ಗನೆ ಹತ್ತಿಕೊಂಡಿತಂತೆ. ಬಲಗೈ ಮೊಣಕೈವರೆಗೆ ಸುಟ್ಟಿದೆ. ಅಂಕೋಲೆಯ ಆಸ್ಪತ್ರೆಯಲ್ಲಿ ಮಲಗಿದ್ದಾಳೆ.

ಪಾಪವೇ. ಆದರೆ ಅದಕ್ಕೆ ನಾನೇನು ಮಾಡಲಿ?

ಎಲ್ಲರಿಗಿಂತ ಮುಂದೆ ನಿಂತು ಕೂಗಿದವನು ಮಾಸ್ತಿ. ರಸ್ತೆಯ ಆಚೆ ಲಾರಿ ರಿಪೇರಿ ಗ್ಯಾರೇಜು ಇಟ್ಟಿದ್ದಾನೆ. "ನಿಮ್ ಎಣ್ಣೆ ಕುಡ್ದು ನಮ್ ಮಕ್ಳು ಸಾಯ್ಬೇಕಾ ಅಮ್ಮ? ಹೇಳ್ರಿ, ಈಗ್ಲೇ ಹೇಳ್ರಿ!"

ನಾನು ಪುಸ್ತಕ ತಂದು ಅವನ ಮುಖಕ್ಕೆ ಹಿಡಿದೆ. ದಿನಾ ಬೆಳಿಗ್ಗೆ ಆರಕ್ಕೆ ನಾನೇ ನೆಲದೊಳಗಿನ ಟಾಕಿಗೆ ಅಳತೆ ಸಲಾಕೆ ಇಳಿಸಿ ಬರೆದಿಡುತ್ತೇನೆ. ಜ್ವರ ಬಂದರೂ ಬಿಟ್ಟಿಲ್ಲ. ನಮ್ಮವರು ತೀರಿಕೊಂಡು ಮೂರು ವರ್ಷ. ಹನ್ನೆರಡನೆಯ ದಿನದ ಕ್ರಿಯೆ ಮುಗಿಸಿ ಮರುದಿನವೇ ಸಲಾಕೆ ಹಿಡಿದವಳು ನಾನು. ಬಿಸಿಲಿಗೆ ಆರುವಷ್ಟು ಬಿಟ್ಟರೆ ಒಂದು ಲೀಟರೂ ಕಡಿಮೆ ಬಿದ್ದಿಲ್ಲ. ಸೋರಿದ್ದರೆ ಕಾಣಬೇಕಲ್ಲ?

"ಪುಸ್ತಕ ನೀವ್ ಬರ್ದದ್ದೇ ಅಲ್ದಾ?" ಅಂದ.

ಅವರು ಇದ್ದಿದ್ದರೆ ಈ ಜನಕ್ಕೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ಹೆಂಗಸು ಅಂತ ಸಸಾರ.

ಜನವರಿ ೧೬, ಗುರುವಾರ

ಕಾರವಾರದಿಂದ ಅಂತರ್ಜಲ ಇಲಾಖೆಯವಳೊಬ್ಬಳು ಬಂದಳು. ಅನಘಾ ಅಂತ. ಮೂವತ್ತು ದಾಟಿಲ್ಲ. ಯಲ್ಲಾಪುರದ ಕಡೆಯ ಹುಡುಗಿ. ಮಂಡಿಯವರೆಗೆ ಕೆಸರು, ಕುತ್ತಿಗೆಗೊಂದು ಭೂತಗನ್ನಡಿ. ಚಾ ಕುಡಿಯಿರಿ ಅಂದರೆ "ಆಮೇಲೆ" ಅಂದಳು. ಅಪರಾಧಿಯ ಮನೆಯ ಚಾ ಬೇಡ ಅಂತ ಇರಬೇಕು.

"ನಿಮ್ಮ ಟಾಕಿ ಸೋರಿದೆ ಅಂತ ನಾನು ಹೇಳ್ತಾ ಇಲ್ಲ ಅಮ್ಮ," ಅಂದಳು. "ಈ ಊರಿನ ಕಲ್ಲು ಸುಣ್ಣದ ಕಲ್ಲು. ಮಳೆನೀರು ಸಾವಿರಾರು ವರ್ಷ ಕರಗಿಸಿ ಕರಗಿಸಿ ಅದರೊಳಗೆ ಕೊಳವೆ ಮಾಡಿಬಿಟ್ಟಿದೆ. ಬೇರೆ ಕಡೆ ನೀರು ಮಣ್ಣಿನಲ್ಲಿ ಸೋಸಿ ನಿಧಾನ ಇಳೀತದೆ. ಇಲ್ಲಿ ಗಟಾರದಲ್ಲಿ ಹರಿದ ಹಾಗೆ ಹರಿದುಹೋಗ್ತದೆ. ಯಾವ ಗಟಾರ ಯಾರ ಬಾವಿಗೆ ಹೋಗ್ತದೆ ಅಂತ ಮೇಲೆ ನಿಂತವರಿಗೆ ತಿಳಿಯೂದಿಲ್ಲ. ಪಕ್ಕದ ಬಾವಿ ಬಿಟ್ಟು ಮೈಲು ದೂರದ ಬಾವಿಗೆ ಬಂದರೂ ಬಂತು."

"ಹಾಗಾದ್ರೆ ನನ್ನ ಪಂಪೇ ಎಂತಕೆ?"

"ನಿಮ್ಮದರಿಂದ ಶುರು, ಅಷ್ಟೇ. ಬಾವಿಯಲ್ಲಿ ಸಿಕ್ಕಿದ್ದು ಪೆಟ್ರೋಲು."

ಹೊಸ ಟಾಕಿಗಳ ಪಕ್ಕದಲ್ಲಿ ಗುಂಡಿ ತೋಡಿ ಎಂಥದೋ ಬಣ್ಣದ ಪುಡಿ ಕಲಸಿದ ನೀರು ಸುರಿಯುತ್ತಾಳಂತೆ. ಒಂಬತ್ತೂ ಬಾವಿಗೆ ಇದ್ದಲಿನ ಪೊಟ್ಟಣ ಕಟ್ಟಿ ಇಳಿಬಿಡುತ್ತಾಳಂತೆ. ಇಲ್ಲಿಂದ ಅಲ್ಲಿಗೆ ದಾರಿ ಇದ್ದರೆ ಬಣ್ಣ ಹೋಗಿ ಇದ್ದಲಿಗೆ ಅಂಟುತ್ತದಂತೆ. ಸುರಿ ತಾಯಿ, ಹಸಿರು ಸುರಿ, ಕೆಂಪು ಸುರಿ. ನನಗೆ ಹೆದರಿಕೆ ಇಲ್ಲ.

ಜನವರಿ ೨೧, ಮಂಗಳವಾರ

ಮಂಜಗುಣಿಯಿಂದ ಅಕ್ಕನ ಫೋನು. ಸಮಾಧಾನ ಹೇಳಲಿಕ್ಕೆ ಅಂತ ಎತ್ತಿದೆ. "ಅಲ್ಲಿ ನೆಲದೊಳಗಿನ ನೀರು ಕಡೆಗೆ ಗಂಗಾವಳಿ ಹೊಳೆಗೇ ಬರೂದಂತಲ್ಲೇ? ನಮ್ಮಲ್ಲಿ ಬಳಚು ತಗಳ್ಳೂಕೆ ಜನ ಹಿಂದೆ ಮುಂದೆ ನೋಡ್ತಿದ್ರು. ನಿನ್ನ ತಂಗಿಯ ಎಣ್ಣೆ ಉಂಟಾ ಇದ್ರಲ್ಲಿ ಅಂತ ಕೇಳ್ತ್ರು ಮಾರಾಯ್ತಿ."

ಫೋನು ಕುಕ್ಕಿದೆ. ಹೊಳೆಯ ಬಾಯಲ್ಲಿ ಬಳಚಿನ ಚಿಪ್ಪು ಹೆಕ್ಕುವವರಿಗೂ ನಾನೇ ಶತ್ರು.

ವ್ಯಾಪಾರ ಅರ್ಧಕ್ಕಿಳಿದಿದೆ. ಲಾರಿಯವರು ಮಾತ್ರ ನಿಲ್ಲಿಸುತ್ತಾರೆ. ಬೊಮ್ಮಯ್ಯ ದಿನವಿಡೀ ಗಾಳಿ ಹಾಕುವ ಯಂತ್ರದ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿರುತ್ತಾನೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಪೆಟ್ರೋಲು ಹಾಕುವವನು. ಕೇರಿಯವನೇ. ಅವನ ಬಾವಿಯೂ ಕೆಟ್ಟಿದೆ. ಆದರೂ ಒಂದು ದಿನ ನನ್ನ ಮುಖಕ್ಕೆ ಒಂದು ಮಾತು ಆಡಿಲ್ಲ. ನಿಯತ್ತು ಅಂದರೆ ಅದು.

ಫೆಬ್ರವರಿ ೧, ಶನಿವಾರ

ಬಣ್ಣ ಸುರಿದು ಹತ್ತು ದಿನವಾಯಿತು. ಒಂಬತ್ತು ಬಾವಿ, ಒಂಬತ್ತು ಪೊಟ್ಟಣ. ಯಾವುದರಲ್ಲೂ ನನ್ನ ಬಣ್ಣವಿಲ್ಲ!

ಅನಘಾ ಬಂದು ಹೇಳಿದಳು. ಹೊಸ ಟಾಕಿಗಳ ಕೆಳಗೆ ಆಳವಾದ ಜೇಡಿಮಣ್ಣು ಇದೆಯಂತೆ, ಅಲ್ಲಿಂದ ನೀರು ಇಳಿಯುವುದೇ ಇಲ್ಲವಂತೆ. ಟಾಕಿಗೆ ಗಾಳಿಯ ಒತ್ತಡ ಕೊಟ್ಟೂ ನೋಡಿದರು. ಗಟ್ಟಿ.

"ಕಾಗದದಲ್ಲಿ ಬರೆದುಕೊಡಿ," ಅಂದೆ.

"ಕೊಡ್ತೇನೆ. ಆದರೆ ಅಮ್ಮ, ಇದು ಆ ಒಂದು ಗುಂಡಿಯ ಮಾತು ಮಾತ್ರ."

ಆ ಹುಡುಗಿಗೆ ಸೋತೆ ಎನ್ನಲು ಬಾಯಿ ಬರುವುದಿಲ್ಲ. ಕಾಗದದ ಪ್ರತಿ ತೆಗೆಸಿ ಪಂಪಿಗೆ ಅಂಟಿಸಿದೆ, ಪಂಚಾಯತಿಯ ಗೋಡೆಗೆ ಅಂಟಿಸಿದೆ, ಸುಣ್ಣಕೊಡ್ಲಿನ ಹಾಲಿನ ಡೇರಿಗೂ ಅಂಟಿಸಿ ಬಂದೆ. ಅಲ್ಲಿ ಗಂಗೂ ಕಂಡಳು. ಆಸ್ಪತ್ರೆಯಿಂದ ಬಂದಿದ್ದಾಳೆ. ಕೈಗೆ ಬಿಳಿ ಬಟ್ಟೆ. ಓದಲು ಬಾರದು, ಕಾಗದದ ಎದುರು ಸುಮ್ಮನೆ ನಿಂತಿದ್ದಳು. ನನ್ನನ್ನು ನೋಡಿ, "ಹಂಗಾರೆ ಯಾರದ್ದೇ ತಂಗಿ?" ಅಂದಳು. ನನಗೇನು ಗೊತ್ತು? ಅದು ನನ್ನ ಕೆಲಸವೂ ಅಲ್ಲ.

ಫೆಬ್ರವರಿ ೧೦, ಸೋಮವಾರ

ಸಿಕ್ಕಿಬಿದ್ದ! ಮಾಸ್ತಿ!

ಅವನ ಗ್ಯಾರೇಜಿನ ಹಿಂದೆ ಒಂದು ಕುಳಿ ಇದೆ. ಇಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆಯನ್ನೆಲ್ಲ ಹತ್ತು ವರ್ಷದಿಂದ ಅದರೊಳಗೇ ಸುರಿಯುತ್ತ ಬಂದಿದ್ದಾನೆ. ಅನಘಾ ಕೇಳಿದ್ದಕ್ಕೆ, "ಎಷ್ಟ್ ಹಾಕದ್ರೂ ನೆಲ ಕುಡೀತದೆ ಬಾಯೋರೇ, ತುಂಬೂದೇ ಇಲ್ಲ" ಅಂದನಂತೆ, ಹೆಮ್ಮೆಯಿಂದ. ಇವತ್ತು ಬೆಳಿಗ್ಗೆ ಅಲ್ಲಿ ಬಣ್ಣ ಹೊಯ್ದು ಎರಡು ಟ್ಯಾಂಕರ್ ನೀರು ಬಿಟ್ಟರು. ಮಧ್ಯಾಹ್ನ ಎರಡೂವರೆಗೆ ಗಂಗೂನ ಬಾವಿ ಹಸಿರಾಯಿತು. ಇದ್ದಲು ಬೇಕಾಗಲಿಲ್ಲ. ಕಣ್ಣಿಗೇ ಕಾಣುವ ಹಸಿರು, ಹೊಸ ಬಾಳೆಲೆಯ ಹಾಗೆ. ಇಡೀ ಕೇರಿ ಬಗ್ಗಿ ನೋಡಿತು.

ನಾನೂ ಇಳಿದುಹೋಗಿ ನೋಡಿದೆ. ನೋಡಲೇಬೇಕಿತ್ತು.

ಮಾಸ್ತಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. "ಪುಸ್ತಕ ತರ್ಲಾ?" ಎಂದು ಕೇಳಿದೆ. ಎಲ್ಲರೂ ನಕ್ಕರು. ಅವನ ಹೆಂಡತಿ ನಾಗಿ ಮಾತ್ರ ನಗಲಿಲ್ಲ.

ಬರುವಾಗ ರಾಮನಗುಳಿಯಿಂದ ಪೇಢೆ ತರಿಸಿ ಲಾರಿಯವರಿಗೆ ಹಂಚಿಸಿದೆ. ಬೊಮ್ಮಯ್ಯ ಡಬ್ಬಿ ಹಿಡಿದು ಎಲ್ಲರಿಗೂ ಕೊಟ್ಟ. ತಾನು ತಿನ್ನಲಿಲ್ಲ. ಹಲ್ಲುನೋವಂತೆ.

ಫೆಬ್ರವರಿ ೧೪, ಶುಕ್ರವಾರ

ಮಾಸ್ತಿಯ ಗ್ಯಾರೇಜಿಗೆ ಪಂಚಾಯತಿ ಬೀಗ ಹಾಕಿತು. ಬೀಗದ ಮೊದಲೇ ಯಾರೋ ನುಗ್ಗಿ ಸಾಮಾನು ಒಡೆದುಹಾಕಿದ್ದರು. ಜ್ಯಾಕುಗಳನ್ನು ಹೊಳೆಗೆ ಎಸೆದರಂತೆ. ಕೇರಿಯಲ್ಲಿ ಅವನ ಮನೆಯವರ ಜೊತೆ ಯಾರದ್ದೂ ಮಾತಿಲ್ಲ.

ಅನಘಾ ಸಂಜೆ ಬಂದಳು. ಚಾ ಕೊಟ್ಟೆ, ಕುಡಿದಳು. ಸಂತೋಷದಲ್ಲಿರಲಿಲ್ಲ. "ಅವನದು ಸುಟ್ಟ ಎಣ್ಣೆ ಅಮ್ಮ. ದಪ್ಪ, ಕಪ್ಪು. ಬಾವಿಯಲ್ಲಿ ಇರೂದು ಪೆಟ್ರೋಲು. ಬೆಂಕಿ ಹತ್ತಿದ್ದೂ ಅದಕ್ಕೇ. ಲಾರಿ ಗ್ಯಾರೇಜಿನಲ್ಲಿ ಅಷ್ಟು ಪೆಟ್ರೋಲು ಎಲ್ಲಿಂದ ಬರಬೇಕು? ದಾರಿ ಸಿಕ್ಕಿದೆ, ಸರಕು ಸಿಕ್ಕಿಲ್ಲ. ಪಂಚಾಯತಿಯಲ್ಲಿ ಹೇಳಿದೆ. ಯಾರಿಗೂ ಕೇಳುವ ಮನಸ್ಸಿಲ್ಲ."

"ನೀವು ತುಂಬ ಓದಿದವರು. ಕಣ್ಣೆದುರು ಹಸಿರು ನೀರು ಬಂದಮೇಲೂ ನಂಬೂದಿಲ್ಲ," ಅಂದೆ.

ಲೋಟ ತೊಳೆದಿಟ್ಟು ಹೋದಳು. ನಾನು ಹೇಳಿದ್ದು ತಪ್ಪೇ? ಅಲ್ಲ.

ಫೆಬ್ರವರಿ ೧೭, ಸೋಮವಾರ

ಹೇಗೆ ಬರೆಯಲಿ.

ಬೊಮ್ಮಯ್ಯ ಒಂದು ವಾರದಿಂದ ನನ್ನ ಮುಖ ನೋಡುವುದು ಬಿಟ್ಟಿದ್ದ. ಇವತ್ತು ಕೇಳಿದೆ, "ಎಂತದೋ ನಿಂದು? ಮಾಸ್ತಿ ನಿನ್ನ ನೆಂಟನಾ? ಪಂಪು ಉಳೀತು ಅಂತ ಖುಷಿ ಇಲ್ವಾ ನಿಂಗೆ?"

ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಮ್ಮಾ, ನಂಗೆ ಇನ್ನ್ ಆಗೂದಿಲ್ಲ. ನೀವ್ ಇಷ್ಟ್ ಜೋರಾಗಿ ಸುಳ್ ಹೇಳ್ತ್ರಿ ಅಂತ ನಾ ಎಣ್ಸಿರ್ಲಿಲ್ಲ."

"ಯಾವ ಸುಳ್ಳೋ?"

ಆಗ ನನ್ನ ಮುಖ ನೋಡಿದ.  "ನಿಮ್ಗೆ ಗುತ್ತಿಲ್ವಾ?" ಅಂದ. "ದೇವ್ರಾಣೆಗೂ ಗುತ್ತಿಲ್ವಾ?"

ಎಂಟು ವರ್ಷದ ಹಿಂದೆ ಹೊಸ ಟಾಕಿಗಳನ್ನು ಕೂರಿಸಿದಾಗ ಹಳೆಯ ಪೆಟ್ರೋಲ್ ಟಾಕಿಯನ್ನು ಖಾಲಿ ಮಾಡಿ, ತೊಳೆದು, ಮರಳು ತುಂಬಿ ಮುಚ್ಚಿದರು ಎಂದು ನಾನು ತಿಳಿದಿದ್ದೆ. ಕಪಾಟಿನಲ್ಲಿ ಅದರ ಕಾಗದವೂ ಇದೆ, ನಮ್ಮವರ ಸಹಿ ಇದೆ. ಬೊಮ್ಮಯ್ಯ ಅವತ್ತು ಅಲ್ಲೇ ಇದ್ದ. ಟಾಕಿಯೊಳಗೆ ಮೊಣಕಾಲೆತ್ತರ ಪೆಟ್ರೋಲು ಉಳಿದಿತ್ತಂತೆ, ನೀರು ಬೆರೆತು ಮಾರಲು ಬಾರದ್ದು. ಅದನ್ನು ಎಳೆಯುವ ಗಾಡಿ ಹುಬ್ಬಳ್ಳಿಯಿಂದ ಬರಲು ಇನ್ನೂ ಎಂಟು ದಿನ ಎಂದರಂತೆ. ಚೌತಿ ಎದುರಿಗಿತ್ತು. ಚೌತಿಗೆ ಪಂಪು ತೆರೆಯಬೇಕು.

"ಒಡೇರು ಹೇಳದ್ರು, ಈಗ ಮುಚ್ವ, ಆಮೇಲೆ ನೋಡ್ವ ಅಂತ. ಮರಳು ಬಂದದ್ದು ಕಟ್ಟೆ ಕಟ್ಟೂಕೆ ಮಾತ್ರ."

"ಯಾವ ಕಟ್ಟೆ?"

ಕೈ ತೋರಿಸಿದ. ಗಾಳಿ ಯಂತ್ರದ ಕಟ್ಟೆ.

ಎಂಟು ವರ್ಷ ದಿನಾ ಅದರ ಮೇಲೆ ನಡೆದಿದ್ದೇನೆ. ಎಂಟು ವರ್ಷ. ಇವನು ಈ ಐದು ವಾರ ನನ್ನನ್ನು ಏನೆಂದು ತಿಳಿದಿದ್ದ! ಎಲ್ಲ ಗೊತ್ತಿದ್ದೂ ಪುಸ್ತಕ ಹಿಡಿದು ಕೂಗಾಡುವ ಗಟ್ಟಿಗಿತ್ತಿ ಎಂದು. ಅದಕ್ಕೇ ಸುಮ್ಮನಿದ್ದ. ಅದನ್ನು ನಾನು ನಿಯತ್ತು ಅಂದೆ.

ಫೆಬ್ರವರಿ ೧೮, ಮಂಗಳವಾರ

ಮಧ್ಯಾಹ್ನ ಉಳಿದವರನ್ನು ಊಟಕ್ಕೆ ಕಳಿಸಿದೆವು. ಬೊಮ್ಮಯ್ಯ ಕಟ್ಟೆಯ ಮೂಲೆಯನ್ನು ಹಾರೆಯಿಂದ ಎಬ್ಬಿಸಿದ. ಕಿಡಿ ಹಾರಬಾರದೆಂದು ನಾನು ನೀರು ಹೊಯ್ಯುತ್ತ ನಿಂತೆ. ಒಂದು ಗಂಟೆ ಹಿಡಿಯಿತು. ಹಳೆಯ ಕೊಳವೆಯ ಬಾಯಿ ಸಿಕ್ಕಿತು. ಮುಚ್ಚಳ ತುಕ್ಕಿನಲ್ಲಿ ಕೂತುಬಿಟ್ಟಿತ್ತು.

ಸಲಾಕೆಗೆ ನೀರು ತಾಗಿದರೆ ಕೆಂಪಾಗುವ ಪೇಸ್ಟು ಹಚ್ಚಿ ಇಳಿಸಿದೆ. ಮೂರು ವರ್ಷದಿಂದ ದಿನಾ ಮಾಡಿದ ಕೆಲಸ. ತಳಕ್ಕೆ ತಾಗಿದ್ದು ಕೈಗೆ ತಿಳಿಯಿತು. ಮೇಲೆತ್ತಿದೆ.

ಎರಡು ಬೆರಳಷ್ಟು ಒದ್ದೆ. ಪೇಸ್ಟು ಪೂರ್ತಿ ಕೆಂಪು. ಉಳಿದದ್ದು ಬರೀ ನೀರು.

ಮೊಣಕಾಲೆತ್ತರ ಇತ್ತು. ಉಳಿದದ್ದೆಲ್ಲ ಗಂಗೂನ ಹಂಡೆಗೆ ಹೋಗಿದೆ.

ಬೊಮ್ಮಯ್ಯ ಅಳುತ್ತಿದ್ದ. ನಾನು ಅಳಲಿಲ್ಲ. ಮನೆಗೆ ಬಂದು ಅವರ ಫೋಟೋದ ಎದುರು ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಮೂವತ್ತು ವರ್ಷದ ಸಂಸಾರದಲ್ಲಿ ಒಂದು ದಿನ ಏರು ದನಿಯಲ್ಲಿ ಮಾತಾಡಿದವಳಲ್ಲ. ಒಂದು ಮಾತು ಹೇಳಬಹುದಿತ್ತಲ್ಲ ನೀವು? ಆಸ್ಪತ್ರೆಯಲ್ಲಿ ಹದಿನೇಳು ದಿನ ಇದ್ದಿರಿ. ಗೇರುಹಕ್ಕಲಿನ ಬೇಲಿಯ ಬಗ್ಗೆ ಹೇಳಿದಿರಿ, ನಿಮ್ಮ ತಮ್ಮ ಸಂದೀಪನ ಮಗಳ ಮದುವೆಯ ಬಗ್ಗೆ ಹೇಳಿದಿರಿ. ಇದು ನೆನಪಾಗಲಿಲ್ಲವೆ?

ನೆನಪೇ ಇರಲಿಲ್ಲ ಅನಿಸುತ್ತದೆ. ಅದು ಇನ್ನೂ ಸಿಟ್ಟು ಬರಿಸುತ್ತದೆ.

ಫೆಬ್ರವರಿ ೨೦, ಗುರುವಾರ

ಕಾರವಾರಕ್ಕೆ ಹೋದೆ. ಕಾಜುಬಾಗದಲ್ಲಿ ಸಂದೀಪನ ಮನೆ. ನನ್ನ ಗಂಡ ರಾಮನಾಥನ ತಮ್ಮ, ಪಂಪಿನಲ್ಲಿ ಅರ್ಧ ಪಾಲು ಅವನದು. ಹೇಳದೆ ಮಾಡುವಂತಿಲ್ಲ. ಎಲ್ಲ ಹೇಳಿದೆ.

"ವೈನಿ, ಬೇರೆ ಯಾರಿಗೆ ಗೊತ್ತುಂಟು?"

"ಬೊಮ್ಮಯ್ಯನಿಗೆ."

"ಅವ ಎಂಟು ವರ್ಷ ಬಾಯಿ ಬಿಡ್ಲಿಲ್ಲ, ಇನ್ನೂ ಬಿಡೂದಿಲ್ಲ. ಮರಳು ತುಂಬ್ಸಿ ಮುಚ್ಚಿಬಿಡ್ವ. ನಾನೇ ನಾಲ್ಕು ಜನ ಕಳಿಸ್ತೆ."

"ಮಾಸ್ತಿ?"

"ಮಾಸ್ತಿ ಎಣ್ಣೆ ಸುರ್ದಿದ್ದು ಸುಳ್ಳಾ? ಅವನ ಕುಳಿಯಿಂದ ಬಣ್ಣ ಹೋದದ್ದು ಸುಳ್ಳಾ? ನಾವೇನು ಅವನ ಮೇಲೆ ದೂರು ಕೊಟ್ಟಿದ್ವಾ? ತಾನಾಗೇ ಆಯ್ತು." ಆಮೇಲೆ ದನಿ ತಗ್ಗಿಸಿ, "ದಾದಾನ ಹೆಸರು ಎಂತ ಆಗ್ತದೆ, ಅದನ್ನ ಯೋಚ್ನೆ ಮಾಡಿದ್ರಾ?" ಅಂದ.

ಅವನ ಹೆಂಡತಿ ಬಂಗಡೆ ಸಾರು ಬಡಿಸಿದಳು. ಉಂಡೆ. ಏನೂ ಹೇಳದೆ ಉಂಡು ಬಸ್ಸು ಹತ್ತಿದೆ. ಸಂದೀಪ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಅದೇ ಹೇಸಿಗೆ.

ಫೆಬ್ರವರಿ ೨೨, ಶನಿವಾರ

ಏನೂ ಮಾಡಲಿಲ್ಲ.

ಫೆಬ್ರವರಿ ೨೩, ಭಾನುವಾರ

ಏನೂ ಮಾಡಲಿಲ್ಲ. ಅನಘಾ ಬಂದು ಗಾಳಿ ಯಂತ್ರ ಎಂತಕೆ ಮುಚ್ಚಿದ್ರಿ ಅಂದಳು. ಕೆಟ್ಟಿದೆ ಅಂದೆ. ಸಲೀಸಾಗಿ ಬಂತು ಮಾತು.

ಅವಳ ಜೊತೆ ಕೇರಿಗೆ ಹೋಗಿ ಪೊಟ್ಟಣ ಬದಲಿಸಲು ಹಗ್ಗ ಹಿಡಿದೆ. ಅವಳಿಗೆ ಸಹಾಯಕ್ಕೆ ಜನವಿಲ್ಲ. ಒಂಬತ್ತು ಬಾವಿಗಳಲ್ಲಿ ಐದು ಪೂರ್ತಿ ಹೋಗಿವೆ. ಬಗ್ಗಿದರೆ ನನ್ನ ಸೀರೆಗೆ ಹತ್ತುವ ವಾಸನೆಯೇ ಅಲ್ಲಿಯೂ. ನನಗೆ ಅಭ್ಯಾಸ. ಗಂಗಕ್ಕನಿಗೆ ಒಂದೇ ಕೈಯಲ್ಲಿ ಬಟ್ಟೆ ಹಿಂಡಲು ಬರುವುದಿಲ್ಲ. ಎರಡು ಸೀರೆ ಹಿಂಡಿಕೊಟ್ಟು ಬಂದೆ. ದಿನಕ್ಕೊಂದೇ ಟ್ಯಾಂಕರ್ ನೀರು, ಅದೂ ಅರ್ಧ ಕೇರಿಗೆ ಸಾಲದು. ಪಂಚಾಯತಿಯವರು ಸತ್ತಿದ್ದಾರೆಯೆ?

ಫೆಬ್ರವರಿ ೨೫, ಮಂಗಳವಾರ

ನಾಗಿ ಬಂದಿದ್ದಳು. ಬಾಗಿಲ ಹೊರಗೆ ನಿಂತಳು.

"ಅಮ್ಮಾ, ಪಂಪಲ್ಲಿ ಕೆಲ್ಸ ಏನಾರೂ ಉಂಟಾ? ಗುಡ್ಸೂದು, ಒರ್ಸೂದು, ಎಂತದಾರೂ ಅಡ್ಡಿಲ್ಲ. ಅವ್ರು ಕೇಣಿ ಬಂದ್ರಕ್ಕೆ ಹೋಗಿದ್ರು ದೋಣಿ ಕೆಲ್ಸಕ್ಕೆ. ಇಂಜಿನ್ ರಿಪೇರಿ ಮಾಡ್ತೆ ಅಂದ್ರೆ ಬಾವಿ ಕೆಡ್ಸಿದವ ಅಂತ ಅಲ್ಲೂ ಯಾರೂ ಕರೀಲಿಲ್ಲ. ಬಲೆ ಎಳ್ಯೂಕೆ ಹೋಗ್ತಿದ್ರು. ಅವ್ರಿಗೆ ಈಜೂಕೂ ಬರೂದಿಲ್ಲ ಅಮ್ಮ."

ನಾನು ಏನು ಮಾಡಿದೆ? ಕಿರುಚಿದೆ. "ನನ್ನ ಹತ್ರ ಎಂತಕೆ ಬಂದೆ? ಬೇರೆ ಕಡೆ ಕೆಲ್ಸ ಇಲ್ವಾ ಊರಲ್ಲಿ? ಹೋಗು!"

ಅವಳು ಹೆದರಲೂ ಇಲ್ಲ. "ನಿಮ್ ಮೇಲೆ ಅವ್ರು ಕೂಗಾಡಿದ್ದು ತಪ್ಪೇ ಆಯ್ತು. ನಿಮ್ದಲ್ಲ ಅಂತ ಸಾಬೀತಾಯ್ತಲ. ನಾ ಅವ್ರ ಪರ್ವಾಗಿ ಕೈ ಮುಗೀತೆ," ಎಂದು ಕೈ ಮುಗಿದೇಬಿಟ್ಟಳು.

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹೊರಗೆ ಬಹಳ ಹೊತ್ತು ನಿಂತಿದ್ದು ಹೋದಳು.

ಫೆಬ್ರವರಿ ೨೭, ಗುರುವಾರ

ನಿನ್ನೆ ಶಿವರಾತ್ರಿ, ಉಪವಾಸ. ಇವತ್ತು ಬೆಳಿಗ್ಗೆ ಸ್ನಾನ ಮಾಡಿ ಅನಘಾಳಿಗೆ ಫೋನು ಮಾಡಿದೆ. ಅವಳು ಬರುವಷ್ಟರಲ್ಲಿ ಪಂಪು ಬಂದ್ ಮಾಡಿಸಿ ಹಗ್ಗ ಕಟ್ಟಿಸಿದೆ. ಕಟ್ಟೆಯ ಮೂಲೆ ತೋರಿಸಿದೆ. ರಾಮನಾಥ ಸಹಿ ಮಾಡಿದ ಕಾಗದವನ್ನೂ ಕೊಟ್ಟೆ.

ಅವಳು ಬೈಯುತ್ತಾಳೆ ಅಂತ ಕಾದೆ. ಕಟ್ಟೆಯ ಬದಿಯ ಮಣ್ಣನ್ನು ಕೆದಕಿ ನೋಡಿದಳು. ಒಂದು ಗೇಣು ಕೆಳಗೇ ಬಿಳಿ ಕಲ್ಲು. "ಇಲ್ಲಿ ಜೇಡಿ ಇಲ್ಲ," ಅಂದಳು ತನ್ನಷ್ಟಕ್ಕೆ. "ಹದಿನೈದು ಮಾರು ಈ ಕಡೆ ಗುಂಡಿ ತೋಡಿದ್ದರೆ ಮೊದಲ ದಿನವೇ ಸಿಗ್ತಿತ್ತು. ನಾನು ಕೇಳಲಿಲ್ಲ, ಹಳೆ ಟಾಕಿ ಇತ್ತಾ ಅಂತ. ಕೇಳಬೇಕಿತ್ತು."

"ನಾನು ಹೇಳಿದಾಗಲೂ ನಿಂದೇ ತಪ್ಪು ಅಂತೀಯಾ? ನನ್ನ ತಪ್ಪು ನನಗೆ ಬಿಡು!" ಎಂದು ಗದರಿದೆ.

ಸಂದೀಪನಿಗೂ ಫೋನು ಮಾಡಿ ಹೇಳಿದೆ. ಇನ್ನು ಮುಂದೆ ನಿಮಗೂ ನನಗೂ ಸಂಬಂಧವಿಲ್ಲ ಅಂದ. ಸರಿ ಅಂದೆ.

ಮಾರ್ಚ್ ೨, ಭಾನುವಾರ

ಕೇರಿಯ ಶಾಲೆಯಲ್ಲಿ ಸಭೆ. ಎದ್ದು ನಿಂತು ಹೇಳಿದೆ. ಟಾಕಿ ನಮ್ಮದು, ಪೆಟ್ರೋಲು ನಮ್ಮದು, ಖಾಲಿ ಮಾಡಿದ್ದೇವೆ ಅಂತ ಕೊಟ್ಟ ಕಾಗದ ಸುಳ್ಳು, ನನಗೆ ತಿಳಿದು ಹತ್ತು ದಿನ ಸುಮ್ಮನಿದ್ದೆ. ಅದನ್ನೂ ಹೇಳಿದೆ. ಕಲ್ಲು ಬೀಳುತ್ತದೆ ಅಂದುಕೊಂಡಿದ್ದೆ. ಬೀಳಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಗ್ಯಾರೇಜು ಒಡೆದವರೂ ಅಲ್ಲೇ ಇದ್ದರಲ್ಲ.

ಗಂಗಕ್ಕ ಅನಘಾಳನ್ನು ಕೇಳಿದಳು, "ನೀರು ಯಾವಾಗ ಚೊಲೋ ಆಗೂದು?"

"ಗೊತ್ತಿಲ್ಲ ಅಜ್ಜಿ. ಕಲ್ಲಿನ ಸಂದಿಯಲ್ಲಿ ಹೊಕ್ಕದ್ದು ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ಹೊರಗೆ ಬರ್ತದೆ. ಐದು ವರ್ಷ ಆಗಬಹುದು, ಹತ್ತಾದರೂ ಆಗಬಹುದು. ಅಲ್ಲಿಯವರೆಗೆ ಕುಡಿಯುವ ಹಾಗಿಲ್ಲ."

"ನಂಗೆ ಎಪ್ಪತ್ತೆರಡು," ಅಂದಳು ಗಂಗಕ್ಕ.

ಗುಡ್ಡದ ಆಚೆ ಬದಿಯ ಒರತೆಯಿಂದ ಕೊಳವೆ ಎಳೆದು ಮನೆಮನೆಗೆ ನೀರು ಕೊಡುವುದು ನನ್ನ ಮೇಲೆ ಎಂದು ಬರೆದುಕೊಟ್ಟೆ. ಅಲ್ಲಿಯವರೆಗೆ ದಿನಕ್ಕೆ ಇನ್ನೆರಡು ಟ್ಯಾಂಕರು. ನಾಗಿ ಹಿಂದಿನ ಬೆಂಚಿನಲ್ಲಿದ್ದಳು. ಹೊರಗೆ ಬರುವಾಗ ನನ್ನನ್ನು ತಡೆದಳು.

"ನಾ ಕೈ ಮುಗ್ದೆ ನಿಮ್ಗೆ," ಅಂದಳು. "ಅದ್ನ ವಾಪಸ್ ಕೊಡ್ರಿ."

ಕೈ ಮುಗಿದೆ. ನೋಡಿದಳು, ಹೋದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಇಲ್ಲ ಅನಿಸುತ್ತದೆ. ಕ್ಷಮಿಸಲೇಬೇಕು ಎಂದೇನಿದೆ?

ಮಾರ್ಚ್ ೧೫, ಶನಿವಾರ

ಟಾಕಿಯನ್ನು ಮೇಲೆತ್ತಿದರು. ಒಳಗಿನ ಆವಿ ತೆಗೆಯಲಿಕ್ಕೆ ಮೂರು ದಿನ ಹಿಡಿದಿತ್ತು. ಕ್ರೇನಿಗೆ ನೇತುಬಿದ್ದ ಅದನ್ನು ನೋಡಲು ಇಡೀ ಸುಣ್ಣಕೊಡ್ಲು ಹಗ್ಗದ ಆಚೆ ನಿಂತಿತ್ತು. ಪಂಪಿನ ಪರವಾನಗಿ ಅಮಾನತಾಗಿ ಎರಡು ವಾರ. ಜನ ನಿಲ್ಲಲು ಜಾಗಕ್ಕೇನೂ ಕಡಿಮೆ ಇರಲಿಲ್ಲ. ಕೇಣಿಯಿಂದ ಮಾಸ್ತಿಯೂ ಬಂದಿದ್ದ. ಬಿಸಿಲಿಗೆ ಕರ್ರಗಾಗಿದ್ದಾನೆ. ಅಂಗೈ ತುಂಬ ಹಗ್ಗದ ಗಾಯ.

ತಳದಿಂದ ಎರಡು ಬೆರಳು ಮೇಲೆ ತುಕ್ಕು ತಿಂದ ತೂತು. ಅನಘಾ ತೋರಿಸಿದಳು. ಮಾಸ್ತಿ ಹಗ್ಗ ದಾಟಿ ಬಂದು ಅದರೊಳಗೆ ಕಿರುಬೆರಳು ತೂರಿಸಲು ನೋಡಿದ. ಉಗುರಿನವರೆಗೆ ಮಾತ್ರ ಹೋಯಿತು.

"ಇಷ್ಟೇಯಾ?" ಅಂದ.



ಅನಘಾ ವರದಿಯ ಹಾಳೆ ತಂದಳು. ಎಲ್ಲ ನಿಜವೆಂದು ನಾನು ಸಹಿ ಮಾಡಬೇಕು. ಮಾಡಿದೆ. ಹಾಳೆ ಮಡಚುವಷ್ಟರಲ್ಲಿ ಮಾಸ್ತಿ, "ಬಾಯೋರೇ, ತಡೀರಿ. ನಂದೂ ಬರ್ಕಳ್ಳಿ," ಅಂದ.

"ನಿಮ್ಮದು ಬೇರೆ ಅಂತ ಬರೆದಿದ್ದೇನೆ ಮಾಸ್ತಿ. ಪೆಟ್ರೋಲು ನಿಮ್ಮದಲ್ಲ."

"ಪೆಟ್ರೋಲಲ್ಲ. ಸುಟ್ಟೆಣ್ಣೆ. ಹತ್ತ್ ವರ್ಷ ಅದೇ ಕುಳಿಗೆ ಹೊಯ್ದೆ. ಅದೂ ಆ ಬಾವಿಗೇ ಹೋಗಿದ್ದು ಅಲ್ದಾ? ಬಣ್ಣ ಹೋಯ್ತಲ. ಎಷ್ಟ್ ಹೋಯ್ತು ನಂಗೆ ಗುತ್ತಿಲ್ಲ. ಹೋಗಿದೆ ಅಂತ ಬರೀರಿ."

ನಾಗಿ ಹಿಂದಿನಿಂದ ಅವನ ಅಂಗಿ ಎಳೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಗ್ಯಾರೇಜು ಹೋಗಿ, ಸಾಮಾನು ಹೋಗಿ, ಊರು ಈಗಷ್ಟೇ ಅವನ ಮುಖ ನೋಡಲು ಶುರು ಮಾಡಿದೆ. ಈಗ ಇದನ್ನು ಯಾರು ಕೇಳಿದರು ಇವನನ್ನು? "ನಿಂಗೆ ಬುದ್ಧಿ ಇಲ್ವೇನೋ ಮಾರಾಯಾ? ಬಾಯಿ ಮುಚ್ಕೊಂಡು ಇರೂಕೆ ಆಗೂದಿಲ್ವಾ?" ಎಂದು ಅಷ್ಟು ಜನರ ಎದುರು ಕೂಗಿದೆ.

ಅವನು ನನ್ನ ಕಡೆ ತಿರುಗಿದ. "ನಿಮ್ಗೂ ಆಗ್ಲಿಲ್ವಲ ಅಮ್ಮ," ಅಂದ.

ಅನಘಾ ಮಡಚಿದ ಹಾಳೆಯನ್ನು ಬಿಡಿಸಿ, ನನ್ನ ಸಹಿಯ ಕೆಳಗೆ ನಾಲ್ಕು ಸಾಲು ಬರೆದು ಓದಿ ಹೇಳಿದಳು. ಮಾಸ್ತಿಗೆ ಅಕ್ಷರ ಅಷ್ಟಕ್ಕಷ್ಟೆ. ಗಾಯದ ಕೈಯಲ್ಲಿ ಪೆನ್ನು ಹಿಡಿದು, ಟಾಕಿಯ ಮೈಗೇ ಹಾಳೆ ಒತ್ತಿಟ್ಟುಕೊಂಡು, ಬಹಳ ಹೊತ್ತು ಹೆಸರು ಬರೆದ. ಬರೆದು ಮುಗಿಯುವವರೆಗೆ ನಾವೆಲ್ಲ ಬಿಸಿಲಿನಲ್ಲಿ ಕಾದು ನಿಂತೆವು.